ಕಾಣೆ ಎಂದು ಬರೆದಿಟ್ಟ 23 ವರ್ಷ

ಮಡಿಕೇರಿಗೆ ಹೋದಾಗಲೆಲ್ಲ ಹಳೆ ಖಾಸಗಿ ಬಸ್ ನಿಲ್ದಾಣದ ಹತ್ತಿರ ಒಂದೆರಡು ನಿಮಿಷ ನಿಂತು ಮುಂದೆ ಹೋಗುವುದು ನನಗೆ ರೂಢಿಯಾಗಿಬಿಟ್ಟಿದೆ. ಅಲ್ಲಿ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯನವರ ಪ್ರತಿಮೆ ಇದೆ. ವಿರಾಜಪೇಟೆ ಬಸ್ಸಿಗೆ ಓಡುವವರು, ಆಟೋದವರ ಜೊತೆ ಚೌಕಾಸಿ ಮಾಡುವವರು, ಕಾಫಿಪುಡಿ ಏಲಕ್ಕಿ ಚೀಲ ಹಿಡಿದ ಪ್ರವಾಸಿಗರು ಎಲ್ಲರೂ ಅದರ ಸುತ್ತಲೇ ಹಾದುಹೋಗುತ್ತಾರೆ. ಹೆಸರು ಓದುವವರು ಕಡಿಮೆ. ಅವರನ್ನು ದೂರುವ ಹಕ್ಕು ನನಗಿಲ್ಲ, ಏಕೆಂದರೆ ನಾನೂ ಆ ಹೆಸರನ್ನು ಬಹಳ ತಡವಾಗಿ ಓದಿದವಳು.

ನಾನು ಕುಶಾಲನಗರದಲ್ಲಿ ಓದಿ ಬೆಳೆದೆ. ಮಡಿಕೇರಿ ಅಲ್ಲಿಂದ ಒಂದು ತಾಸಿನ ದಾರಿ. ಶಾಲೆಯಲ್ಲಿ ಕಾರ್ಯಪ್ಪನವರ ಬಗ್ಗೆ ಭಾಷಣ ಬರೆದು ಬಾಯಿಪಾಠ ಮಾಡಿದ್ದೆವು, ತಿಮ್ಮಯ್ಯನವರ ಚಿತ್ರ ಗೋಡೆಯ ಮೇಲಿತ್ತು. 1965ರ ಯುದ್ಧ ಎಂದರೆ ಊರಿನ ಹಿರಿಯರ ಬಾಯಲ್ಲಿ ಮೊದಲು ಬರುತ್ತಿದ್ದುದು ಕಾರ್ಯಪ್ಪನವರ ಮಗ ನಂದಾ ಅವರ ಕಥೆ. ಹಂಟರ್ ವಿಮಾನ ಹಾರಿಸುತ್ತಿದ್ದ ಅವರು ಯುದ್ಧದ ಕೊನೆಯ ದಿನ ಕೆಳಗುರುಳಿ ಪಾಕಿಸ್ತಾನದಲ್ಲಿ ಸೆರೆಯಾದರು. ಆಗ ಪಾಕಿಸ್ತಾನದ ಅಧ್ಯಕ್ಷರಾಗಿದ್ದ ಅಯೂಬ್ ಖಾನ್ ಹಿಂದೆ ಕಾರ್ಯಪ್ಪನವರ ಕೈಕೆಳಗೆ ಕೆಲಸ ಮಾಡಿದ್ದವರು. ಮಗನನ್ನು ಬಿಟ್ಟುಕೊಡುತ್ತೇನೆ ಎಂದು ಅವರು ಹೇಳಿಕಳಿಸಿದರೆ, ಉಳಿದ ಸೆರೆಯಾಳುಗಳಿಗಿಲ್ಲದ ವಿಶೇಷ ನನ್ನ ಮಗನಿಗೆ ಬೇಡ ಎಂದು ತಂದೆ ನಿರಾಕರಿಸಿದರು. ಕೊಡಗಿನ ಮನೆಮನೆಯ ಕಥೆ ಅದು. ಅದೇ ಯುದ್ಧ, ಅದೇ ವಾಯುಪಡೆ, ಅದೇ ಪುಟ್ಟ ಜಿಲ್ಲೆ. ಆದರೂ ದೇವಯ್ಯ ಎಂಬ ಇನ್ನೊಬ್ಬ ಪೈಲಟ್ ಇದ್ದರೆಂಬುದು ನಮ್ಮ ತರಗತಿಯ ಯಾರ ಕಿವಿಗೂ ಬಿದ್ದಿರಲಿಲ್ಲ. ನಂದಾ ಕಾರ್ಯಪ್ಪ ಮರಳಿ ಬಂದರು, ಏರ್ ಮಾರ್ಷಲ್ ಆದರು, ತಮ್ಮ ಕಥೆಯನ್ನು ತಾವೇ ಹೇಳಬಲ್ಲವರಾದರು. ದೇವಯ್ಯನವರ ಕಥೆ ಹೇಳಬಲ್ಲವರು ಯಾರೂ ನಮ್ಮ ಕಡೆ ಉಳಿದಿರಲಿಲ್ಲ.

1988ರಲ್ಲಿ ಅವರಿಗೆ ಮಹಾವೀರ ಚಕ್ರ ಘೋಷಣೆಯಾದಾಗ ನಾನು ಪಿಯುಸಿಯಲ್ಲಿದ್ದೆ. ಆ ಸುದ್ದಿಯೂ ನನ್ನ ಗಮನಕ್ಕೆ ಬರಲಿಲ್ಲ. ಬಂದದ್ದು ಎಷ್ಟೋ ವರ್ಷದ ಮೇಲೆ, ಮೈಸೂರಿನಲ್ಲಿ ಕೆಲಸಕ್ಕೆ ಸೇರಿದ ನಂತರ. 1965ರಲ್ಲಿ ನಡೆದದ್ದಕ್ಕೆ 1988ರಲ್ಲಿ ಪದಕವೇಕೆ? ಆ ನಡುವಿನ 23 ವರ್ಷ ಅವರು ಎಲ್ಲಿದ್ದರು? ಈ ಪ್ರಶ್ನೆ ಹಿಡಿದು ಹೊರಟವಳಿಗೆ ಸಿಕ್ಕಿದ್ದು ಒಂದೇ ಪದ: ಕಾಣೆ.

ನಡೆದದ್ದನ್ನು ಮೊದಲು ಹೇಳಿಬಿಡುತ್ತೇನೆ.

1965ರ ಸೆಪ್ಟೆಂಬರ್ 6ರ ಸಂಜೆ ಪಾಕಿಸ್ತಾನದ ಸೇಬರ್ ವಿಮಾನಗಳು ಪಠಾಣ್‌ಕೋಟ್ ನೆಲೆಯ ಮೇಲೆ ಎರಗಿ, ನಿಂತಲ್ಲೇ ನಮ್ಮ ಹಲವು ವಿಮಾನಗಳನ್ನು ಸುಟ್ಟವು. ಮರುದಿನ ಬೆಳಕು ಹರಿಯುವ ಹೊತ್ತಿಗೆ ಪಾಕಿಸ್ತಾನದ ಅತಿ ದೊಡ್ಡ ವಾಯುನೆಲೆ ಸರ್ಗೋಧಾದ ಮೇಲೆ ದಾಳಿ ಮಾಡಬೇಕೆಂದು ತೀರ್ಮಾನವಾಯಿತು. ಜಲಂಧರದ ಹತ್ತಿರದ ಆದಂಪುರದಿಂದ ಹೊರಡಬೇಕಿದ್ದದ್ದು ಒಂದನೇ ಸ್ಕ್ವಾಡ್ರನ್, ಮುಂದಾಳು ವಿಂಗ್ ಕಮಾಂಡರ್ ಓ.ಪಿ. ತನೇಜಾ. ವಿಮಾನ ಮಿಸ್ಟೇರ್, ಫ್ರಾನ್ಸಿನದು. ಸರ್ಗೋಧಾ ಅದರ ಹಾರಾಟದ ಎಲ್ಲೆಯ ತುದಿಯಲ್ಲಿತ್ತು. ನೆಲಕ್ಕೆ ಅಂಟಿಕೊಂಡಂತೆ ಹಾರಿ, ಒಮ್ಮೆ ಎರಗಿ, ನೆಟ್ಟಗೆ ಮನೆಗೆ ಬರುವಷ್ಟೇ ಇಂಧನ. ದಾರಿಯಲ್ಲಿ ಯಾರಾದರೂ ಅಡ್ಡಬಂದರೆ ತಿರುಗಿ ಕಾದಾಡುವುದಕ್ಕೆ ಟ್ಯಾಂಕಿನಲ್ಲಿ ಏನೂ ಮಿಕ್ಕುವುದಿಲ್ಲ.

ಹೊರಡುವ ಹನ್ನೆರಡು ಜನರ ಪಟ್ಟಿಯಲ್ಲಿ ದೇವಯ್ಯ ಇರಲಿಲ್ಲ. ಅವರು ಮೀಸಲಿನಲ್ಲಿದ್ದರು. ಯುದ್ಧಕ್ಕೆ ಮುಂಚೆ ಹಾರಾಟ ಕಲಿಸುವ ಬೋಧಕರಾಗಿದ್ದವರು. ವಯಸ್ಸು ಆಗ 32. ಸ್ಕ್ವಾಡ್ರನ್ನಿನಲ್ಲಿ ಎಲ್ಲರೂ ಅವರನ್ನು ಪ್ರೀತಿಯಿಂದ ‘ಟಬ್ಬಿ’ ಎನ್ನುತ್ತಿದ್ದರು. ನಸುಕಿನ ಕತ್ತಲಲ್ಲಿ ಒಂದು ವಿಮಾನ ಕೈಕೊಟ್ಟಿತು. ಅದರ ಜಾಗಕ್ಕೆ ಅವರು ಹೊರಟರು.

ದಾಳಿ ಮುಗಿಸಿ ಮರಳುವಾಗ ಪಾಕಿಸ್ತಾನದ ಸ್ಟಾರ್‌ಫೈಟರ್ ಒಂದು ಬೆನ್ನು ಹತ್ತಿತು. ಅದನ್ನು ಹಾರಿಸುತ್ತಿದ್ದವರು ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್. ಸ್ಟಾರ್‌ಫೈಟರ್ ಶಬ್ದಕ್ಕಿಂತ ಎರಡು ಪಟ್ಟು ವೇಗದಲ್ಲಿ ಓಡಬಲ್ಲ ಅಮೆರಿಕನ್ ವಿಮಾನ. ಮಿಸ್ಟೇರ್‌ಗೆ ಸಮತಲ ಹಾರಾಟದಲ್ಲಿ ಶಬ್ದದ ವೇಗ ಮುಟ್ಟುವುದೂ ಕಷ್ಟ. ಒಂದರಲ್ಲಿ ಕ್ಷಿಪಣಿಯೂ ಆರು ನಳಿಗೆಯ ತುಪಾಕಿಯೂ, ಇನ್ನೊಂದರಲ್ಲಿ ಎರಡು 30 ಮಿಲಿಮೀಟರ್ ತೋಪು. ಅಮ್ಜದ್ ಹಾರಿಸಿದ ಕ್ಷಿಪಣಿ ಗುರಿ ತಪ್ಪಿತು, ಆಮೇಲಿನ ಗುಂಡಿನ ಸುರಿಮಳೆ ದೇವಯ್ಯನವರ ವಿಮಾನಕ್ಕೆ ತಾಗಿತು. ಇದರ ಕೆಲಸ ಮುಗಿಯಿತೆಂದುಕೊಂಡು ಅಮ್ಜದ್ ಮುಂದಿನ ಮಿಸ್ಟೇರ್‌ಗಳ ಕಡೆ ತಿರುಗಿದರು. ಗಾಯಗೊಂಡ ವಿಮಾನದಲ್ಲಿ ದೇವಯ್ಯ ಇನ್ನೂ ಬದುಕಿದ್ದರು. ಹಾರುವ ಸ್ಥಿತಿಯಲ್ಲೂ ಇದ್ದರು. ಪೂರ್ವಕ್ಕೆ ಮೂತಿ ತಿರುಗಿಸಿ ಹೋದಷ್ಟು ದೂರ ಹೋಗಬಹುದಿತ್ತು. ಅವರು ಸ್ಟಾರ್‌ಫೈಟರ್ ಕಡೆ ತಿರುಗಿದರು.

ಆ ಕೆಳಮಟ್ಟದ ಕಾಳಗದಲ್ಲಿ ಮಿಸ್ಟೇರ್‌ನ ಗುಂಡು ಸ್ಟಾರ್‌ಫೈಟರ್‌ಗೆ ತಾಗಿತು. ವಿಮಾನ ಹಿಡಿತಕ್ಕೆ ಸಿಗದೆ ಅಮ್ಜದ್ ಹುಸೇನ್ ಹೊರಚಿಮ್ಮಿ ಪ್ಯಾರಾಚೂಟಿನಲ್ಲಿ ಇಳಿದರು. ದೇವಯ್ಯ ಇಳಿಯಲಿಲ್ಲ. ಮುಂದೆ ಹಾರುತ್ತಿದ್ದ ಅವರ ಜೊತೆಗಾರರಿಗೆ ಹಿಂದೆ ಏನಾಗುತ್ತಿದೆ ಎಂಬುದೇ ಕಾಣಲಿಲ್ಲ. ಆದಂಪುರದಲ್ಲಿ ಇಳಿದು ಎಣಿಸಿದಾಗ ಒಂದು ವಿಮಾನ ಕಡಿಮೆ. ನೋಡಿದವರಿಲ್ಲ, ರೇಡಿಯೋದಲ್ಲಿ ಕೇಳಿದವರಿಲ್ಲ. ಹಾಗಾಗಿ ‘ಕಾಣೆ’.

ಈ ಕಥೆಯಲ್ಲಿ ನನ್ನನ್ನು ಈಗಲೂ ಕಾಡುವ ಜಾಗ ಬೇರೆಯೇ ಇದೆ. ದೇವಯ್ಯನವರ ಕೊನೆಯ ಹೋರಾಟ ಕಂಡವರು ಇಡೀ ಜಗತ್ತಿನಲ್ಲಿ ಒಬ್ಬರೇ, ಅವರ ಎದುರಾಳಿ. ಅದೇ ಅಮ್ಜದ್ ಹುಸೇನ್ 1971ರ ಡಿಸೆಂಬರಿನಲ್ಲಿ ಅಮೃತಸರದ ರೇಡಾರ್ ಮೇಲೆ ದಾಳಿಗೆ ಬಂದು, ನೆಲದ ತೋಪಿಗೆ ಸಿಕ್ಕಿ, ಭಾರತದ ಸೆರೆಯಾಳಾದರು. ದೇವಯ್ಯನವರಿಗೆ ಏನಾಯಿತೆಂದು ಬಲ್ಲ ಏಕೈಕ ಮನುಷ್ಯ ನಮ್ಮದೇ ಶಿಬಿರದಲ್ಲಿ ನಮ್ಮದೇ ರೊಟ್ಟಿ ತಿಂದುಕೊಂಡು ಇದ್ದರು. ಅಷ್ಟು ಹತ್ತಿರ ಬಂದ ಉತ್ತರ ನಮ್ಮ ಕಡತಕ್ಕೆ ಸೇರದೆ ಹಾಗೇ ವಾಪಸ್ಸು ಹೋಯಿತು. ಆ ಯುದ್ಧದ ಬಿಸಿಯಲ್ಲಿ ಆರು ವರ್ಷ ಹಿಂದಿನ ಒಂದು ಮುಂಜಾನೆ ಯಾರ ನೆನಪಿಗೂ ಬಾರದಿದ್ದರೆ ಅದು ಸಹಜವೇ. ಆದರೂ ಇದನ್ನು ಮೊದಲ ಬಾರಿ ಜೋಡಿಸಿ ನೋಡಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

1979ರಲ್ಲಿ ಜಾನ್ ಫ್ರಿಕರ್ ಎಂಬ ಬ್ರಿಟಿಷ್ ಲೇಖಕರು ಪಾಕಿಸ್ತಾನ ವಾಯುಪಡೆಯ ನೆರವಿನಿಂದ 1965ರ ಆಕಾಶಯುದ್ಧದ ಬಗ್ಗೆ ಪುಸ್ತಕ ತಂದರು. ಬರೆದದ್ದು ಪಾಕಿಸ್ತಾನದ ಕಣ್ಣಿನಿಂದಲೇ. ಆದರೆ ಅದರಲ್ಲಿ ಒಂದು ಸ್ಟಾರ್‌ಫೈಟರ್ ಸೆಪ್ಟೆಂಬರ್ 7ರ ಬೆಳಿಗ್ಗೆ ಮಿಸ್ಟೇರ್ ಜೊತೆಗಿನ ಕಾದಾಟದಲ್ಲಿ ಹೋಯಿತೆಂಬ ಸಂಗತಿ ಇತ್ತು. ಭಾರತದಲ್ಲಿ ಅದನ್ನು ಓದಿದವರು ಕಣ್ಣುಜ್ಜಿಕೊಂಡರು. ಸ್ಟಾರ್‌ಫೈಟರ್ ಹೊಡೆದೆ ಎಂದು ಆ ದಿನ ಮರಳಿದ ಮಿಸ್ಟೇರ್ ಪೈಲಟ್‌ಗಳಲ್ಲಿ ಒಬ್ಬರೂ ಹೇಳಿರಲಿಲ್ಲ. ಅಂಥದ್ದನ್ನು ಮಾಡಿದವರು ಹೇಳದೆ ಇರುವುದುಂಟೇ? ಹೇಳಲು ಆಗದಿದ್ದವರು ಒಬ್ಬರೇ. ಮುಂದಾಳಾಗಿದ್ದ ತನೇಜಾ ಅವರು ವಾಯುಪಡೆಯ ಮುಖ್ಯಾಲಯಕ್ಕೆ ಬರೆದರು. ಕೊನೆಗೆ 1988ರಲ್ಲಿ ಮಹಾವೀರ ಚಕ್ರ ಬಂತು. ಯುದ್ಧಕಾಲದ ಶೌರ್ಯಕ್ಕೆ ಕೊಡುವ ಪದಕಗಳಲ್ಲಿ ಎರಡನೆಯ ಸ್ಥಾನದ್ದು. ಅದನ್ನು ಪಡೆದದ್ದು ಅವರ ಪತ್ನಿ.

ಶತ್ರುವಿನ ಕಡೆಯವರು ಬರೆದದ್ದರಿಂದ ನಮ್ಮವರ ಪರಾಕ್ರಮ ನಮಗೆ ತಿಳಿಯಿತು ಎಂದು ಹೆಮ್ಮೆಯಿಂದ ಹೇಳುವವರನ್ನು ಕಂಡಿದ್ದೇನೆ. ಒಂದು ರೀತಿಯಲ್ಲಿ ಹೆಮ್ಮೆಯೇ ಸರಿ. ನನಗೆ ಅದರೊಳಗೆ ಒಂದು ನೋವೂ ಇದೆ. ಪಾಕಿಸ್ತಾನದವರು ತಮ್ಮ ಪೈಲಟ್‌ಗಳ ಅನುಭವವನ್ನು ಹೊರಗಿನ ಲೇಖಕನ ಎದುರು ತೆರೆದಿಟ್ಟಿದ್ದರು. ನಮ್ಮ ರಕ್ಷಣಾ ಸಚಿವಾಲಯದ ಇತಿಹಾಸ ವಿಭಾಗ 1965ರ ಯುದ್ಧದ ಚರಿತ್ರೆ ಸಿದ್ಧಪಡಿಸಿದ್ದು 1992ರಲ್ಲಿ. ಅದೂ ಸಾರ್ವಜನಿಕರಿಗೆಂದು ಅಲ್ಲ. ಯುದ್ಧದ ದಾಖಲೆಗಳು 25 ವರ್ಷಕ್ಕೆ ರಾಷ್ಟ್ರೀಯ ಪತ್ರಾಗಾರ ಸೇರಬೇಕು, ಕಾರ್ಯಾಚರಣೆಯ ಚರಿತ್ರೆ ಐದು ವರ್ಷದೊಳಗೆ ಸಿದ್ಧವಾಗಬೇಕು ಎಂಬ ಸ್ಪಷ್ಟ ನೀತಿ ಬಂದದ್ದು 2021ರಲ್ಲಿ. ಬಂದದ್ದು ಒಳ್ಳೆಯದೇ ಆಯಿತು. ಅಷ್ಟರಲ್ಲಿ ಎಷ್ಟು ನೆನಪುಗಳು ಚಿತೆಯೇರಿದವೋ.

ಹುಡುಕುವವರಿಗೆ ಒಂದು ಮಾತು. ಈ ಕೆಲಸದಲ್ಲಿ ಮೊದಲು ಕಾಲು ಎಡವುವುದು ಹೆಸರಿನ ಮೇಲೆ. ಇಂಗ್ಲಿಷ್ ಕಾಗದಗಳಲ್ಲಿ ಅವರ ಹೆಸರನ್ನು ಒಬ್ಬೊಬ್ಬರು ಒಂದೊಂದು ಅಕ್ಷರದಲ್ಲಿ ಬರೆದಿದ್ದಾರೆ. ‘ಅಯ್ಯ’ ಎಂಬ ನಮ್ಮ ಸರಳ ಕೊನೆಗೆ ಅಲ್ಲಿ ಮೂರು ನಾಲ್ಕು ರೂಪ. ಒಂದು ಹಾಕಿ ಹುಡುಕಿದರೆ ಇನ್ನೊಂದರಲ್ಲಿರುವುದು ಸಿಗುವುದಿಲ್ಲ. ಅದಕ್ಕಿಂತ ದೊಡ್ಡ ನಷ್ಟ ಇನಿಷಿಯಲ್‌ಗಳಲ್ಲಿ ಆಗಿದೆ. ಸೇನೆಯ ಪಟ್ಟಿಯಲ್ಲಿ ಅವರು ಎ.ಬಿ. ದೇವಯ್ಯ. ಕೊಡವರಲ್ಲಿ ಒಕ್ಕದ, ಅಂದರೆ ಮನೆತನದ, ಹೆಸರು ಮೊದಲು, ಆಮೇಲೆ ತಂದೆಯ ಹೆಸರು, ಕೊನೆಗೆ ಸ್ವಂತದ್ದು. ಆ ‘ಎ’ ಎಂಬ ಒಂಟಿ ಅಕ್ಷರದೊಳಗೆ ಅಜ್ಜಮಾಡ ಒಕ್ಕವೇ ಇದೆ, ಐನ್‌ಮನೆ ಎಂಬ ಮೂಲಮನೆ ಇದೆ, ಕಾರೋಣರೆಂಬ ಪೂರ್ವಜರಿದ್ದಾರೆ. ಕೊಡಗಿನವರಿಗೆ ‘ಅಜ್ಜಮಾಡ’ ಎಂದರೆ ಸಾಕು, ಯಾರ ಮನೆಯವರು, ಯಾರಿಗೆ ಏನಾಗಬೇಕು ಎಂದು ದಾರಿ ಸಿಗುತ್ತದೆ. ‘ಎ’ ಎಂದರೆ ಯಾರಿಗೂ ಯಾವ ದಾರಿಯೂ ಸಿಗುವುದಿಲ್ಲ. ನಮ್ಮ ಕಡೆಯ ಯಾವುದೇ ಸೈನಿಕರನ್ನು ಹುಡುಕುತ್ತಿದ್ದರೆ ಮೊದಲು ಆ ಇನಿಷಿಯಲ್ ಬಿಡಿಸಿಕೊಳ್ಳಿ. ಅರ್ಧ ಕೆಲಸ ಆದಂತೆ.

ಇನ್ನು ಪತ್ರಿಕೆಗಳು. ಆ ತಿಂಗಳ ಕನ್ನಡ ಪತ್ರಿಕೆಗಳನ್ನು ನೋಡೋಣ ಎಂದು ಒಂದು ಗ್ರಂಥಾಲಯಕ್ಕೆ ಹೋದೆ. ಅಲ್ಲಿಯವರು ಒಳಗಿನಿಂದ ದಪ್ಪ ರಟ್ಟಿನ ಸಂಪುಟ ಹೊತ್ತು ತಂದು ಮೇಜಿನ ಮೇಲಿಟ್ಟರು. ತೆರೆದ ಕೂಡಲೇ ಮೂಗಿಗೆ ಹಳೆ ಗೋಣಿಯ ವಾಸನೆ. ಹಾಳೆಯ ಅಂಚು ಹಪ್ಪಳದಂತೆ ಬೆರಳಿಗೆ ಪುಡಿಯಾಗುತ್ತಿತ್ತು. ಆಗಸ್ಟ್ ದಾಟಿದೆ, ಸೆಪ್ಟೆಂಬರ್ 1, 2, 3. ಅಕ್ಕಿ ಬೆಲೆ, ಸಿನಿಮಾ ಜಾಹೀರಾತು, ಗಡಿಯ ದಪ್ಪಕ್ಷರದ ಸುದ್ದಿ. ಆಮೇಲೆ ಒಮ್ಮೆಗೇ ತಿಂಗಳ ಮಧ್ಯಕ್ಕೆ ಜಿಗಿಯಿತು. ನಡುವೆ ಹೊಲಿಗೆಗೆ ಅಂಟಿಕೊಂಡು ಬೆರಳಗಲದ ಕಾಗದದ ಪಟ್ಟಿಗಳು ಮಾತ್ರ ನಿಂತಿದ್ದವು, ಬ್ಲೇಡಿನಲ್ಲಿ ನೆಟ್ಟಗೆ ಕೊಯ್ದ ಗುರುತು. ನನಗಿಂತ ಮುಂಚೆ ಅದೇ ವಾರವನ್ನು ಹುಡುಕಿಕೊಂಡು ಯಾರೋ ಬಂದಿದ್ದರು. ಯಾವುದೋ ಮನೆಯ ಕಪಾಟಿನಲ್ಲಿ ಆ ಹಾಳೆಗಳು ಇನ್ನೂ ಇರಬಹುದು, ಅಥವಾ ಅವರ ಮಕ್ಕಳು ರದ್ದಿಗೆ ಹಾಕಿರಬಹುದು. ಒಂದೊಂದೇ ಪಟ್ಟಿಯನ್ನು ಬೆರಳಿನಿಂದ ಸವರಿದೆ. ಕೆಲವುದರ ಮೇಲೆ ಸಾಲಿನ ಕೊನೆಯ ಎರಡಕ್ಷರ ಉಳಿದಿತ್ತು. ಓದಲು ಅಷ್ಟು ಸಾಲದು. ದಯವಿಟ್ಟು, ಹಳೆಯ ಪತ್ರಿಕೆ ಕೊಯ್ಯಬೇಡಿ. ಈಗ ಫೋನಿನಲ್ಲಿ ಒಂದು ಫೋಟೋ ಹೊಡೆದುಕೊಂಡರೆ ಆಯಿತು.

ಬರಿಗೈಯಲ್ಲಿ ಕುಶಾಲನಗರಕ್ಕೆ ಹೋದವಳು ಸೋದರಮಾವನ ಮನೆಯಲ್ಲಿ ಇದನ್ನೇ ಹೇಳಿಕೊಂಡು ಕೂತಿದ್ದೆ. ಮಾವನಿಗೆ ಈಗ 82. ವಾಯುಪಡೆಯಲ್ಲಿ ಫಿಟ್ಟರ್ ಆಗಿದ್ದವರು, 1965ರಲ್ಲಿ ಪಂಜಾಬಿನಲ್ಲೇ ಇದ್ದರು, ಆದರೆ ಬೇರೆ ನೆಲೆಯಲ್ಲಿ. ಇಷ್ಟು ವರ್ಷ ಅವರ ಬಾಯಲ್ಲಿ ನಾವು ಕೇಳಿದ್ದು ಪಂಜಾಬಿನ ಚಳಿ, ಸಾಸಿವೆ ಎಣ್ಣೆಯ ಅಡುಗೆ, ಊರಿಗೆ ಬರುವ ರೈಲಿನ ನೂಕುನುಗ್ಗಲು ಇಷ್ಟೇ. ಯುದ್ಧದ ಮಾತು ಎತ್ತಿದರೆ “ನಾವೇನು ಹಾರಿದವರಲ್ಲ ಪುಟ್ಟಿ, ನಟ್ಟು ಬೋಲ್ಟು ತಿರುಗಿಸಿದವರು” ಎಂದು ಎದ್ದು ಹೋಗುತ್ತಿದ್ದರು. ಅವತ್ತು ಎದ್ದು ಹೋಗಲಿಲ್ಲ.

“ಕಾಣೆ ಅಂತ ಬರೀತಾರಲ್ಲ,” ಎಂದರು, “ಅದನ್ನ ಬರೆಯೋದು ಆಫೀಸಿನಲ್ಲಿ. ನಮಗೆ ಅದು ಹಾಗಲ್ಲ.”

“ಮತ್ತೆ ನಿಮಗೆ ಹೇಗೆ ಮಾವ?” ಎಂದೆ.

ಅವರು ಕೈ ತೋರಿಸುತ್ತಾ ಹೇಳಿದರು. ಪೈಲಟ್ ಬಂದರೆ ಏಣಿ ಹಚ್ಚುವುದು ಇವರು. ಜೊತೆಗೆ ಮೇಲೆ ಹತ್ತಿ ಭುಜದ ಪಟ್ಟಿ ಬಿಗಿಯುವುದು ಇವರು. ಸೀಟಿನ ಪಿನ್ ತೆಗೆದು ಪೈಲಟ್ಟಿನ ಕಣ್ಣಿಗೆ ಕಾಣುವ ಹಾಗೆ ಎತ್ತಿ ತೋರಿಸಬೇಕು. ಆಮೇಲೆ ಇಳಿದು ಏಣಿ ಪಕ್ಕಕ್ಕೆ ಎಳೆದು, ಚಕ್ರದ ಅಡ್ಡಗಟ್ಟೆ ತೆಗೆದು, ಸನ್ನೆ ಮಾಡಿ ಕಳಿಸಬೇಕು. ಕಳಿಸಿದ ಮೇಲೆ ಕಾಯಬೇಕು. ಹೋದದ್ದು ಎಷ್ಟು, ಬಂದದ್ದು ಎಷ್ಟು ಎಂದು ಶಬ್ದದಲ್ಲೇ ಎಣಿಸುತ್ತಿದ್ದರಂತೆ. ಒಂದು ದಿನ ಇವರು ಕಳಿಸಿದ ವಿಮಾನ ಬರಲಿಲ್ಲ. ಇಂಧನ ಮುಗಿಯುವ ಹೊತ್ತು ದಾಟಿತು. ಪಕ್ಕದ ವಿಮಾನಗಳವರು ತಮ್ಮ ತಮ್ಮ ಏಣಿ ಹಚ್ಚಿ ಪೈಲಟ್‌ಗಳನ್ನು ಇಳಿಸಿಕೊಂಡು ಹೋದರು.

“ನನ್ನ ಏಣಿ ಅಲ್ಲೇ ಹುಲ್ಲಿನಲ್ಲಿ ಬಿದ್ದಿತ್ತು. ಅದನ್ನ ಎತ್ತಿಡಬೇಕೋ ಬೇಡವೋ ಗೊತ್ತಾಗಲಿಲ್ಲ. ಎತ್ತಿಟ್ಟರೆ ಇನ್ನು ಬರೋದಿಲ್ಲ ಅಂತ ನಾನೇ ಹೇಳಿದ ಹಾಗಾಗುತ್ತಲ್ಲ. ಸಂಜೆವರೆಗೂ ಬಿಟ್ಟಿದ್ದೆ. ಸಾರ್ಜೆಂಟು ಬೈಯಲೂ ಇಲ್ಲ.”

ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. ಮದುವೆಯಾಗಿ 55 ವರ್ಷವಾದರೂ ಅವರೂ ಇದನ್ನು ಕೇಳಿದ್ದು ಅದೇ ಮೊದಲು.

ಆದಂಪುರದಲ್ಲೂ ಆ ಬೆಳಿಗ್ಗೆ ಹೀಗೆ ಏಣಿ ಹಿಡಿದು ಕಾದವರು ಇದ್ದೇ ಇರುತ್ತಾರೆ. ದೇವಯ್ಯನವರ ಭುಜದ ಪಟ್ಟಿ ಬಿಗಿದ ಕೈಗಳು ಯಾರವು? ಪೈಲಟ್‌ಗಳ ಕಥೆಯಾದರೂ 23 ವರ್ಷಕ್ಕೆ ಹೊರಬಂತು. ಆ ಕೈಗಳ ಹೆಸರನ್ನು ಕೇಳಿದವರು ಯಾರು?

ಕೊಡವರ ಹಳೆಯ ಪದ್ಧತಿಯಲ್ಲಿ ಗಂಡುಮಗು ಹುಟ್ಟಿದರೆ ಒಂದು ಗುಂಡು ಹಾರಿಸುತ್ತಾರೆ, ಸಾವಾದರೆ ಎರಡು. ಬೆಟ್ಟದಾಚೆಯ ಮನೆಗೂ ಸುದ್ದಿ ಮುಟ್ಟುತ್ತದೆ. ಸೆಪ್ಟೆಂಬರ್ ಮೊದಲ ವಾರವೆಂದರೆ ಕೈಲ್ ಮುಹೂರ್ತದ ಹೊತ್ತು. ಗದ್ದೆ ಕೆಲಸ ಮುಗಿಸಿ ಕೋವಿ ಕತ್ತಿಗಳನ್ನು ತೊಳೆದು, ತೋಕ್‌ಪೂ ಎಂಬ ಹೂವಿಟ್ಟು ಪೂಜಿಸುವ ಹಬ್ಬ. ಆ ಹಬ್ಬದ ಬೆನ್ನಿಗೇ ದೇವಯ್ಯ ಹೋದರು. ಆದರೆ ಕಾಣೆಯಾದವರಿಗೆ ಎಷ್ಟು ಗುಂಡು? ‘ಕಾಣೆ’ ಎಂಬುದು ಒಂದನ್ನೂ ಹಾರಿಸಗೊಡದ, ಎರಡನ್ನೂ ಹಾರಿಸಗೊಡದ ಪದ. ಒಂದು ಮನೆ ಅದರೊಂದಿಗೆ ಹೇಗೆ ಬದುಕುತ್ತದೆಂದು ಊಹಿಸುವುದಕ್ಕೂ ನನಗೆ ಹಿಂಜರಿಕೆ. ಸರ್ಗೋಧಾದಿಂದ ಈಚೆ, ಪಾಕಿಸ್ತಾನದ ಪಂಜಾಬಿನ ಹೊಲವೊಂದರಲ್ಲಿ ಅಲ್ಲಿನ ಹಳ್ಳಿಗರೇ ಅವರ ದೇಹವನ್ನು ಕಂಡು ಮಣ್ಣು ಮಾಡಿದರೆಂದು ಪಾಕಿಸ್ತಾನ ವಾಯುಪಡೆಯ ನಿವೃತ್ತ ಅಧಿಕಾರಿ ಕೈಸರ್ ತುಫೈಲ್ ಬರೆದಿದ್ದಾರೆ. ಅದೂ ಆಚೆ ಕಡೆಯಿಂದಲೇ ಬಂದ ಮಾತು. ಗೋಧಿಯೋ ಕಬ್ಬೋ ಬೆಳೆಯುವ ನೆಲದಲ್ಲಿ ನಮ್ಮ ಬೆಟ್ಟದ ಒಬ್ಬ ಮಗ ಮಲಗಿದ್ದಾನೆ. ಹಿಡಿ ಮಣ್ಣು ಹಾಕಿದ ಆ ಅಪರಿಚಿತ ರೈತರಿಗೆ ನಾನು ಮನಸ್ಸಿನಲ್ಲೇ ಎಷ್ಟೋ ಸಲ ಕೈಮುಗಿದಿದ್ದೇನೆ.

ಈಗ ಪ್ರತಿಮೆ ಇದೆ. 2025ರಲ್ಲಿ ಅವರ ಕಥೆಯ ಎಳೆ ಹಿಡಿದ ಹಿಂದಿ ಚಿತ್ರವೂ ಬಂತು. ಪಾತ್ರಕ್ಕೆ ಬೇರೆ ಹೆಸರಿಟ್ಟಿದ್ದರು. ಸಿನಿಮಾದವರಿಗೆ ಅವರದೇ ಕಾರಣವಿರಬಹುದು, ಆದರೆ ಕತ್ತಲೆಯ ಹಾಲಿನಲ್ಲಿ ಕೂತ ನನಗೆ ಪರದೆಯ ಮೇಲೆ ‘ಅಜ್ಜಮಾಡ’ ಎಂಬ ಸದ್ದು ಒಮ್ಮೆಯಾದರೂ ಕೇಳಬೇಕಿತ್ತು. ಹೆಸರಿಗಾಗಿಯೇ 23 ವರ್ಷ ಕಾದವರಲ್ಲವೇ.

ಮಾವನ ಮಾತನ್ನು ಫೋನಿನಲ್ಲಿ ರೆಕಾರ್ಡ್ ಮಾಡಲು ಶುರುಮಾಡಿ ಈಗ ನಾಲ್ಕು ಭಾನುವಾರ ಆಯಿತು. ಒಟ್ಟಿಗೆ ಮುಕ್ಕಾಲು ಗಂಟೆಗಿಂತ ಹೆಚ್ಚು ಅವರಿಗೆ ಆಗುವುದಿಲ್ಲ, ಕೆಮ್ಮು ಬರುತ್ತದೆ. ದಿನಾಂಕ, ಸ್ಥಳ, ಯಾರು ಮಾತಾಡುತ್ತಿದ್ದಾರೆ ಎಂದು ಮೊದಲಿಗೇ ನಾನೇ ಹೇಳಿ ಶುರುಮಾಡುತ್ತೇನೆ. ಅದೇ ಸಂಜೆ ಎರಡು ಕಡೆ ಪ್ರತಿ ಇಡುತ್ತೇನೆ. ಹೆಸರು ಬಂದಾಗಲೆಲ್ಲ ನಿಲ್ಲಿಸಿ, ಊರು ಯಾವುದು, ಮನೆತನ ಯಾವುದು, ಇನಿಷಿಯಲ್ ಬಿಡಿಸಿ ಎಂದು ಕೇಳುತ್ತೇನೆ. ಮೊದಮೊದಲು ರೇಗುತ್ತಿದ್ದರು, ಈಗ ಅವರೇ ಬಿಡಿಸಿ ಹೇಳುತ್ತಾರೆ.

ಕಳೆದ ವಾರ ಟ್ರಂಕಿನ ತಳದಿಂದ ಒಂದು ಫೋಟೋ ತೆಗೆದರು. ವಿಮಾನದ ರೆಕ್ಕೆಯಡಿ ಏಳು ಜನ ಹುಡುಗರು, ಎಲ್ಲರ ತೋಳೂ ಮಡಚಿದೆ, ಮಾವನ ಕೈಯಲ್ಲಿ ಎಣ್ಣೆಬಟ್ಟೆ. ಮೆತ್ತಗಿನ ಪೆನ್ಸಿಲ್ ಹಿಡಿದು ಫೋಟೋದ ಹಿಂಭಾಗದಲ್ಲಿ, ಮುಖಕ್ಕೆ ಒತ್ತು ಬೀಳದ ಹಾಗೆ, ಎಡದಿಂದ ಬಲಕ್ಕೆ ಬರೆಯುತ್ತಾ ಹೋದೆ. ಆರು ಹೆಸರು ಸಿಕ್ಕವು. ಬಲತುದಿಯಲ್ಲಿ ನಗುತ್ತಿರುವ ಕುಳ್ಳ ಹುಡುಗನ ಹತ್ತಿರ ಮಾವನ ಬೆರಳು ನಿಂತಿತು. ತುಂಬ ಹೊತ್ತು ನೋಡಿದರು.

“ಧಾರವಾಡದ ಕಡೆಯವನು. ಊಟದಲ್ಲಿ ನನ್ನ ಪಕ್ಕಾನೇ ಕೂರುತ್ತಿದ್ದ. ನಾಲಿಗೆ ತುದಿಯಲ್ಲೇ ಇದೆ, ಬರ್ತಾ ಇಲ್ಲ.”

ಏಳನೆಯ ಜಾಗ ಖಾಲಿ ಬಿಟ್ಟು, ‘ಧಾರವಾಡ ಕಡೆ’ ಎಂದು ಮಾತ್ರ ಬರೆದು ಫೋಟೋವನ್ನು ಲಕೋಟೆಗೆ ಹಾಕಿದೆ. ಮರುದಿನ ಬೆಳಿಗ್ಗೆ ಆರೂವರೆಗೆ ಅತ್ತೆ ಫೋನ್ ಮಾಡಿದರು. ಮಾವ ರಾತ್ರಿ ಎರಡು ಸಲ ಎದ್ದು ಕೂತಿದ್ದರಂತೆ, ಹೆಸರಿನ ಮೊದಲ ಅಕ್ಷರ ‘ಬ’ ಎಂದು ನೆನಪಾಗಿದೆಯಂತೆ. ಭಾನುವಾರ ಬರುವಾಗ ಪೆನ್ಸಿಲ್ ಮರೆಯದೆ ತರಬೇಕಂತೆ.